ಬೂತಾಯಿಯ ಮುಳ್ಳು, ಬ್ಯಾಡಗಿಯ ಖಾರ

ಕರಾವಳಿಯ ಶಾಲೆಗಳು ಊಟದ ಪಟ್ಟಿ ನೋಡಿಕೊಡಿ ಎಂದು ಕರೆದಾಗ ನನ್ನ ಮೊದಲ ಪ್ರಶ್ನೆ: ಮೀನು ಯಾಕಿಲ್ಲ? ‘ಮುಳ್ಳು ಮೇಡಂ’ ಅನ್ನುತ್ತಾರೆ.

ಮುಳ್ಳಿಗೆ ಪರಿಹಾರ ಉಂಟು. ಬೂತಾಯಿಯನ್ನು (ಸಾರ್ಡೀನ್ ಮೀನು) ಹುಣಸೆಹುಳಿ ಹಾಕಿ ಕುಕ್ಕರಿನಲ್ಲಿ ಬೇಯಿಸಿ. ನಡುಮುಳ್ಳು ಬೆರಳಲ್ಲಿ ಹಿಸುಕಿದರೆ ಪುಡಿಯಾಗಬೇಕು, ಅಲ್ಲಿಯವರೆಗೆ ಇಳಿಸಬೇಡಿ. ಮುಳ್ಳಿನ ಕ್ಯಾಲ್ಸಿಯಂ ಕೂಡ ಮಗುವಿನ ಹೊಟ್ಟೆ ಸೇರುತ್ತದೆ. (ಗಂಟಲಲ್ಲಿ ಸಿಕ್ಕಿಕೊಂಡರೆ ಅನ್ನದುಂಡೆ ನುಂಗಿಸುವ ಅಜ್ಜಿಮದ್ದು ಮಾತ್ರ ಬೇಡ, ಮುಳ್ಳು ಇನ್ನೂ ಆಳಕ್ಕೆ ಇಳಿದೀತು.)

ನನ್ನ ಹೆದರಿಕೆ ಬೇರೆಯದು. ಬೂತಾಯಿ, ಬಂಗುಡೆಗಳು ಬಿಸಿಲಲ್ಲಿ ಬಿದ್ದಿದ್ದರೆ ಅವುಗಳಲ್ಲಿ ಹಿಸ್ಟಮಿನ್ ಎಂಬ, ಅಲರ್ಜಿಯಂಥ ತೊಂದರೆ ತರುವ ವಸ್ತು ಹುಟ್ಟುತ್ತದೆ. ಎಷ್ಟು ಕುದಿಸಿದರೂ ಅದು ಹೋಗುವುದಿಲ್ಲ. ಉಂಡ ಸ್ವಲ್ಪ ಹೊತ್ತಿಗೇ ಮುಖ ಕೆಂಪೇರಿ ಮೈ ತುರಿಸುತ್ತದೆ. ಹಾಗಾಗಿ ಮೀನು ಇಳಿಸುವ ದಕ್ಕೆಯಿಂದ ಅಡುಗೆಮನೆಯವರೆಗೂ ಮೀನಿನಷ್ಟೇ ತೂಕದ ಐಸ್ ಇರಲೇಬೇಕು. ಐಸಿಗೆ ದುಡ್ಡಿಲ್ಲ ಎನ್ನುವ ಶಾಲೆಗೆ ನಾನೇ ಮೀನು ಬೇಡ ಅನ್ನುತ್ತೇನೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಶಾಲೆ ಶುರುವಾಗುವುದೂ ಆಗಲೇ. ಆ ಎರಡು ತಿಂಗಳು ಬೇಳೆಸಾರು ಮಾಡಿ, ಹಳೇ ಸ್ಟಾಕಿನ ಮೀನಿಗೆ ಕೈಹಾಕಬೇಡಿ.

ಮೀನು ತಿನ್ನದ ಮಕ್ಕಳ ಮಾತು ಬಂದಾಗ ಬಿಸಿಯೂಟದ ಮೊಟ್ಟೆ ನೆನಪಿಸುತ್ತೇನೆ. ಅಲ್ಲಿ ಬೇಡವೆಂದವರಿಗೆ ಬಾಳೆಹಣ್ಣು ಸಿಗುತ್ತದೆ. ಮೀನಿಗೆ ಬೇರೆ ಪಾತ್ರೆ, ಬೇರೆ ಸೌಟು ಇಡಿ. ಆದರೆ ಸಾಲು ಒಂದೇ ಇರಲಿ. ಬೇರೆ ಬೇರೆ ಕೂರಿಸುವುದಾದರೆ ಇಷ್ಟೆಲ್ಲ ಯಾಕೆ?

ಬಂದರಿನ ಹತ್ತಿರದ ಒಂದು ಶಾಲೆಯಲ್ಲಿ ಅರ್ಧದಷ್ಟು ಮಕ್ಕಳು ಮೀನುಗಾರರ ಮನೆಯವರು, ಉಳಿದವರು ಕೂಲಿಗೆಂದು ಬಯಲುಸೀಮೆಯಿಂದ ಬಂದವರು. ಮೊದಲ ದಿನ ಹೆಸರಿಗೇ ಜಗಳ. ತುಳು ಹುಡುಗನಿಗೆ ಅದು ಬೂತಾಯಿ, ಕೊಂಕಣಿ ಹುಡುಗಿಗೆ ತಾರ್ಲೆ, ಮಲಯಾಳಿ ಮನೆಯವನಿಗೆ ಮತ್ತಿ. ಹಾವೇರಿ ಕಡೆಯ ಹುಡುಗಿಯೊಬ್ಬಳು ಮೂಗು ಮುಚ್ಚಿಕೊಂಡೇ ಸಾರಿಗೆ ಬೆರಳದ್ದಿ ನೆಕ್ಕಿದಳು. ‘ಇದು ನಮ್ಮ ಬ್ಯಾಡಗಿ ಮೆಣಸಿನಕಾಯಿ ಐತಲ್ಲ!’

ಹೌದಲ್ಲ. ಮಂಗಳೂರಿನ ಮೀನು ಸಾರಿನ ಕೆಂಪು ಘಟ್ಟ ಇಳಿದು ಬಂದದ್ದು. ಅಡುಗೆಯ ಅಕ್ಕ ಮೆಣಸಿನ ಚೀಲವನ್ನೇ ತಂದು ತೋರಿಸಿದರು. ಆವತ್ತು ಅವಳು ಸಾರು-ಅನ್ನ ಅಷ್ಟೇ ಉಂಡಳು. ನಾನು ಮೂರನೇ ವಾರ ಹೋದಾಗ ತಟ್ಟೆ ಮುಂದೆ ಚಾಚಿದ್ದಳು: ‘ಸಣ್ಣದೊಂದು ಹಾಕ್ರೀ ಅಕ್ಕಾ, ತಲಿ ಬ್ಯಾಡ.’