ಎರಡು ಲೇಸರ್‌ಗಳ ನಡುವಿನ ಟೆರಾಹರ್ಟ್ಸ್

ಪ್ರಶ್ನೆ: ಎರಡು ಲೇಸರ್‌ಗಳ ಆವೃತ್ತಿಯ ವ್ಯತ್ಯಾಸದಿಂದ ನಿರಂತರ ಟೆರಾಹರ್ಟ್ಸ್ ವಿಕಿರಣವನ್ನು (ಸೆಕೆಂಡಿಗೆ ಲಕ್ಷ ಕೋಟಿ ಸಲದ ಆಸುಪಾಸು ಕಂಪಿಸುವ ಅಲೆಯನ್ನು) ಹರಳಿನ ನೆರವಿನಿಂದ ಪಡೆಯಬಹುದು ಎಂದು ಓದಿದೆ. ಹಾಗಾದರೆ ಎರಡೂ ಕಿರಣಗಳನ್ನು ಗೋಡೆಯ ಮೇಲೆ ಒಂದೇ ಕಡೆ ಬಿಟ್ಟರೆ ಸಾಲದೇ? ಹರಳು ಏಕೆ ಬೇಕು?
– ಬಿ.ಎಸ್ಸಿ. ವಿದ್ಯಾರ್ಥಿನಿ, ವಿಜಯಪುರ

ಸಾಲದು. ಬೆಳಗಾವಿ, ಬಾಗಲಕೋಟೆಯ ವಿದ್ಯಾರ್ಥಿಗಳೂ ಇದನ್ನೇ ಮೇಲಿಂದ ಮೇಲೆ ಕೇಳುತ್ತಾರೆ. ಕೇಳಲೇಬೇಕಾದ ಪ್ರಶ್ನೆ ಇದು.

ನಮ್ಮ ಭಾಗದಲ್ಲಿ ಹಿಂದೂಸ್ತಾನಿ ಸಂಗೀತ ಕಿವಿಗೆ ಬೀಳದ ಊರು ಕಡಿಮೆ. ತಂಬೂರಿಯ ಜೋಡಿ ತಂತಿಗಳಲ್ಲಿ ಒಂದು ಸೆಕೆಂಡಿಗೆ 130 ಸಲ, ಇನ್ನೊಂದು 132 ಸಲ ಕಂಪಿಸಿದರೆ ನಾದವು ಸೆಕೆಂಡಿಗೆ ಎರಡು ಸಲ ಏರಿಳಿಯುತ್ತದೆ. ಆದರೆ ಗಾಳಿಯಲ್ಲಿ 2 ಹರ್ಟ್ಸ್‌ನ ಮೂರನೆಯ ಅಲೆ ಹುಟ್ಟಿರುವುದಿಲ್ಲ. ಅಲ್ಲಿರುವುದು ಆ ಎರಡೇ.

ಬೆಳಕಿನ ಕಥೆಯೂ ಇದೇ. 1550 ಮತ್ತು 1558 ನ್ಯಾನೋಮೀಟರ್ ತರಂಗಾಂತರದ ಲೇಸರ್‌ಗಳ ಆವೃತ್ತಿಗಳು ಸುಮಾರು 193.4 ಮತ್ತು 192.4 ಟೆರಾಹರ್ಟ್ಸ್. ಎರಡೂ ಕೂಡಿದ ಕಡೆ ಬೆಳಕಿನ ತೀವ್ರತೆ ಸೆಕೆಂಡಿಗೆ ಲಕ್ಷ ಕೋಟಿ ಸಲ ಏರಿಳಿಯುತ್ತದೆ. ಆ ಏರಿಳಿತವನ್ನು ನಿಜವಾದ 1 ಟೆರಾಹರ್ಟ್ಸ್ ಅಲೆಯಾಗಿಸಲು ಒಂದು ವಸ್ತು ನಡುವೆ ಬರಬೇಕು.

ಲಿಥಿಯಂ ನಯೋಬೇಟ್, ಗ್ಯಾಲಿಯಂ ಆರ್ಸೆನೈಡ್‌ನಂತಹ ಹರಳುಗಳ ರಚನೆಗೆ ಕೇಂದ್ರ ಸಮಮಿತಿ ಇಲ್ಲ. ಅಲ್ಲಿ ಇಲೆಕ್ಟ್ರಾನ್‌ಗಳನ್ನು ಬಲಕ್ಕೆ ತಳ್ಳುವುದೂ ಎಡಕ್ಕೆ ತಳ್ಳುವುದೂ ಒಂದೇ ಅಲ್ಲ. ಹಾಗಾಗಿ ಅವುಗಳ ಪ್ರತಿಕ್ರಿಯೆಯಲ್ಲಿ ವಿದ್ಯುತ್ ಕ್ಷೇತ್ರದ ವರ್ಗವೂ ಸೇರಿಕೊಳ್ಳುತ್ತದೆ. ಎರಡು ಕೊಸೈನ್‌ಗಳ ಮೊತ್ತವನ್ನು ವರ್ಗ ಮಾಡಿ ನೋಡಿ: ವ್ಯತ್ಯಾಸದ ಆವೃತ್ತಿ ತಾನಾಗಿ ಹೊರಬರುತ್ತದೆ. ಆ ಆವೃತ್ತಿಯಲ್ಲಿ ಅಲುಗುವ ವಿದ್ಯುದಾವೇಶವೇ ಟೆರಾಹರ್ಟ್ಸ್ ಅಲೆಯನ್ನು ಹೊರಸೂಸುತ್ತದೆ. 1961ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಮಾಣಿಕ್ಯ ಲೇಸರ್‌ನ ಕೆಂಪು ಬೆಳಕು ಕ್ವಾರ್ಟ್ಜ್ ಹರಳಿನಲ್ಲಿ ಹಾದು ದುಪ್ಪಟ್ಟು ಆವೃತ್ತಿಯ ಅತಿನೇರಳೆಯನ್ನು ಕೊಟ್ಟದ್ದೂ ಇದೇ ಗುಣದಿಂದ.

ಇನ್ನು ತೊಡಕುಗಳು. ಲಿಥಿಯಂ ನಯೋಬೇಟ್‌ನ ವಕ್ರೀಭವನ ಸೂಚ್ಯಂಕ ಅವಕೆಂಪಿಗೆ 2.2ರ ಆಸುಪಾಸು, ಟೆರಾಹರ್ಟ್ಸ್‌ಗೆ 5ಕ್ಕೂ ಹೆಚ್ಚು. ಹುಟ್ಟಿದ ಅಲೆ ಹರಳಿನಲ್ಲಿ ನಿಧಾನವಾಗಿ ಸಾಗಿ, ಲೇಸರ್ ಬೆಳಕಿಗಿಂತ ಹಿಂದೆ ಬೀಳುತ್ತದೆ. ಹರಳಿನ ಬೇರೆ ಬೇರೆ ಕಡೆ ಹುಟ್ಟಿದ ಅಲೆಗಳು ಒಂದನ್ನೊಂದು ಅಳಿಸಿಹಾಕುತ್ತವೆ. ಹಾಗಾಗದೆ ಅಲೆಗಳು ಕೂಡಿಕೊಳ್ಳಲೆಂದು ಹರಳಿನ ಧ್ರುವದಿಕ್ಕನ್ನು (ಒಳಗಿನ ಧನ-ಋಣ ಆವೇಶಗಳ ದಿಕ್ಕನ್ನು) ಪಟ್ಟಿ ಪಟ್ಟಿಯಾಗಿ ತಿರುಗಿಸಿರುತ್ತಾರೆ. ಅಲೆ ಮುಂದಕ್ಕೇ ಸಾಗುವ ಜೋಡಣೆಯಲ್ಲಿ, 1 ಟೆರಾಹರ್ಟ್ಸ್‌ಗೆ ಎದುರುಬದುರಾದ ಪಟ್ಟಿಗಳ ಒಂದು ಜೋಡಿಯ ಅಗಲ ಸುಮಾರು 0.1 ಮಿಲಿಮೀಟರ್. ಇಷ್ಟು ಕುಸುರಿಯ ಕೆಲಸ ಬರಿಗಣ್ಣಿಗೆ ಕಾಣುವುದೇ ಕಷ್ಟ.

ಎರಡನೆಯದು ಶಕ್ತಿಯ ಲೆಕ್ಕ. 193 ಟೆರಾಹರ್ಟ್ಸ್‌ನ ಒಂದು ಫೋಟಾನ್ ಒಡೆದರೆ ಸಿಗುವುದು 1 ಟೆರಾಹರ್ಟ್ಸ್‌ನ ಒಂದು ಪುಟ್ಟ ಫೋಟಾನ್. ಅಂದರೆ ಹೆಚ್ಚೆಂದರೆ ಶೇ 0.5ರಷ್ಟು ಶಕ್ತಿ. ಮಿಡಿತದ ಲೇಸರ್ ತನ್ನ ಶಕ್ತಿಯನ್ನೆಲ್ಲ ಕ್ಷಣಾರ್ಧಕ್ಕಿಂತ ಎಷ್ಟೋ ಕಿರಿದಾದ ಅವಧಿಗೆ ಒತ್ತರಿಸಿ ತೀವ್ರತೆಯನ್ನು ಏರಿಸಿಕೊಳ್ಳುತ್ತದೆ. ನಿರಂತರ ಲೇಸರ್‌ಗೆ ಆ ಅನುಕೂಲ ಇಲ್ಲ. ಹಾಗಾಗಿ ಹರಳನ್ನು ಕನ್ನಡಿಗಳ ನಡುವೆ ಇಟ್ಟು, ಬೆಳಕು ಅದರಲ್ಲೇ ಮತ್ತೆ ಮತ್ತೆ ಸುತ್ತುವಂತೆ ಮಾಡುತ್ತಾರೆ.

ನಿಮ್ಮ ಗೋಡೆಯ ಊಹೆಯಲ್ಲೂ ಒಂದು ಸತ್ಯವಿದೆ. ಗೋಡೆಯ ಜಾಗದಲ್ಲಿ ಅತಿ ವೇಗದ ಅರೆವಾಹಕವನ್ನಿಟ್ಟು, ಅದಕ್ಕೆ ಪುಟ್ಟ ಆಂಟೆನಾ ಜೋಡಿಸಿದರೆ, ತೀವ್ರತೆಯ ಏರಿಳಿತಕ್ಕೆ ತಕ್ಕಂತೆ ವಿದ್ಯುತ್ ಹರಿದು ಟೆರಾಹರ್ಟ್ಸ್ ಬರುತ್ತದೆ. ಇದು ಫೋಟೋಮಿಕ್ಸರ್. 1 ಟೆರಾಹರ್ಟ್ಸ್‌ನ ಸುತ್ತಮುತ್ತ ಇದರಿಂದ ಸಿಗುವುದು ಮೈಕ್ರೋವ್ಯಾಟ್‌ಗಳ ಲೆಕ್ಕದ ಶಕ್ತಿ. ಆದರೂ ನನಗೆ ನಿರಂತರ ವಿಧಾನವೇ ಮೆಚ್ಚು: ಆವೃತ್ತಿ ಚೊಕ್ಕವಾಗಿರುತ್ತದೆ, ಲೇಸರ್ ತಿರುಗಿಸಿದಷ್ಟು ನಯವಾಗಿ ಸರಿಯುತ್ತದೆ. ಅನಿಲಗಳ ಗೆರೆಗಳನ್ನು, ಅಂದರೆ ಅವು ಹೀರಿಕೊಳ್ಳುವ ನಿರ್ದಿಷ್ಟ ಆವೃತ್ತಿಗಳನ್ನು, ಒಂದೊಂದಾಗಿ ಗುರುತಿಸಲು ಬೇಕಾದದ್ದು ಅದೇ. ನೀರಾವಿಗೇ 0.557 ಟೆರಾಹರ್ಟ್ಸ್‌ನಲ್ಲಿ ಒಂದು ಗಟ್ಟಿ ಗೆರೆ ಇದೆ. ಬೆಳಗಾವಿಯ ಮಳೆಗಾಲದ ತೇವದಲ್ಲಿ ಯಾರಾದರೂ ಈ ಪ್ರಯೋಗಕ್ಕೆ ಕೈಹಾಕಿದರೆ, ಕಿರಣದ ದಾರಿಯಲ್ಲಿ ಮೊದಲು ಒಣ ನೈಟ್ರೋಜನ್ ತುಂಬಿಕೊಳ್ಳಬೇಕಾಗುತ್ತದೆ.