ಕೆಲಸ ಬಿಡದೆ ಫೋಟೋಗ್ರಫಿ: ಕ್ಯಾಮೆರಾಕ್ಕೆ ಮೊದಲು ಪಂಚಾಂಗ ನೋಡಿ

ಪ್ರಶ್ನೆ: ತುಮಕೂರಿನ ವಸಂತನರಸಾಪುರದ ಕಾರ್ಖಾನೆಯೊಂದರಲ್ಲಿ ಪಾಳಿ ಕೆಲಸ ಮಾಡುತ್ತಿದ್ದೇನೆ. ಸ್ನೇಹಿತರ ಮನೆಯ ಕಾರ್ಯಕ್ರಮಗಳಲ್ಲಿ ಫೋಟೋ ತೆಗೆದು ಅಭ್ಯಾಸವಿದೆ. ಕೆಲಸ ಬಿಡದೆ ಇದನ್ನೇ ಉಪವೃತ್ತಿ ಮಾಡಿಕೊಳ್ಳಬೇಕೆಂದರೆ ಯಾವ ಕ್ಯಾಮೆರಾ ಕೊಳ್ಳಬೇಕು, ಎಷ್ಟು ದರ ಹೇಳಬೇಕು?

ಉತ್ತರ: ಬಿಡುವಿನ ವೇಳೆಯಲ್ಲಿ ಈ ಕೆಲಸಕ್ಕೆ ಇಳಿಯುವವರಿಗೆ ಮೊದಲು ಅಡ್ಡ ಬರುವುದು ಕ್ಯಾಮೆರಾ ಅಲ್ಲ, ದಿನ. ನಮ್ಮ ಜಿಲ್ಲೆಯಲ್ಲಿ ಫೋಟೋಗ್ರಾಫರ್‌ಗಳ ಕೈಗೆ ಹಣ ಬರುವುದು ಮುಖ್ಯವಾಗಿ ಮದುವೆಯಿಂದ, ಮದುವೆಯ ದಿನವನ್ನು ನಿರ್ಧರಿಸುವುದು ಮುಹೂರ್ತ. ಹಿಂದಿನ ಸಂಜೆ ಆರತಕ್ಷತೆ, ಮರುದಿನ ಬೆಳಗ್ಗೆ ಧಾರೆ ಎಂಬ ವಾಡಿಕೆ ಇರುವುದರಿಂದ, ಒಂದು ಮದುವೆ ಒಪ್ಪಿಕೊಂಡರೆ ಒಂದು ಸಂಜೆ, ಒಂದು ರಾತ್ರಿ ಮತ್ತು ಮರುದಿನದ ಮಧ್ಯಾಹ್ನದವರೆಗಿನ ಹೊತ್ತು ಪೂರ್ತಿ ಹೋಯಿತೆಂದೇ ತಿಳಿಯಬೇಕು. ವೈಶಾಖ, ಜ್ಯೇಷ್ಠ, ಮಾಘ, ಫಾಲ್ಗುಣಗಳಲ್ಲಿ ಲಗ್ನಗಳು ಒತ್ತೊತ್ತಾಗಿ ಬಂದು, ಆಷಾಢ, ಪಿತೃಪಕ್ಷ, ಧನುರ್ಮಾಸಗಳಲ್ಲಿ ಕೆಲಸ ನಿಂತೇ ಹೋಗುತ್ತದೆ. ಆದ್ದರಿಂದ ಹೊಸ ಪಂಚಾಂಗವನ್ನೂ ನಿಮ್ಮ ಪಾಳಿಯ ಪಟ್ಟಿಯನ್ನೂ ಅಕ್ಕಪಕ್ಕ ಇಟ್ಟು, ರಜೆ ಹಾಕದೆ ಎಷ್ಟು ಲಗ್ನದ ದಿನಗಳು ನಿಮಗೆ ಸಿಗುತ್ತವೆ ಎಂದು ಮೊದಲು ಗುರುತು ಹಾಕಿಕೊಳ್ಳಿ. ಆ ಸಂಖ್ಯೆ ಸಣ್ಣದಾಗಿದ್ದರೆ, ಮದುವೆಯನ್ನು ನೆಚ್ಚಿ ಸಾಲ ಮಾಡಿ ಕ್ಯಾಮೆರಾ ಕೊಳ್ಳುವುದು ಸರಿಯಲ್ಲ.

ಲಗ್ನಗಳು ಹೀಗೆ ಒಟ್ಟಿಗೆ ಬರುವುದೇ ಹೊಸಬರಿಗೆ ಒಳಗೆ ಬರಲು ದಾರಿಯೂ ಹೌದು. ಒಂದೇ ದಿನ ಎರಡು ಮೂರು ಮದುವೆ ಒಪ್ಪಿಕೊಂಡ ಸ್ಟುಡಿಯೋದವರಿಗೆ ಜನ ಸಾಲುವುದಿಲ್ಲ. ಅಂಥವರು ಎರಡನೇ ಕ್ಯಾಮೆರಾಕ್ಕೆ, ಅಂದರೆ ಮುಖ್ಯ ಫೋಟೋಗ್ರಾಫರ್ ಜತೆಗೆ ನಿಂತು ಫೋಟೋ ತೆಗೆಯಲು, ದಿನಗೂಲಿಯ ಲೆಕ್ಕದಲ್ಲಿ ಹುಡುಗರನ್ನು ಕರೆಯುತ್ತಾರೆ. ತೆಗೆದ ಫೋಟೋಗಳ ಕಾರ್ಡನ್ನು ಕೊಟ್ಟು ಬಂದರೆ ನಿಮ್ಮ ಹೊಣೆ ಮುಗಿಯಿತು. ಎಡಿಟಿಂಗ್, ಆಲ್ಬಂ, ಬಾಕಿ ವಸೂಲಿ ಎಲ್ಲವೂ ಅವರದು. ಮೊದಲ ಒಂದು ಸೀಸನ್ನು ಹೀಗೆಯೇ ಕಳೆಯಿರಿ ಎಂಬುದು ನನ್ನ ಸ್ಪಷ್ಟ ಸಲಹೆ. ಹಣ ಕಡಿಮೆಯಾದರೂ, ಇನ್ನೊಬ್ಬರ ಹೊಣೆಯ ನೆರಳಿನಲ್ಲಿ ಕಲಿಯುವ ಅವಕಾಶ ಆಮೇಲೆ ಸಿಗುವುದಿಲ್ಲ.

ಕಲಿಯಬೇಕಾದದ್ದು ಏನೆಂಬುದಕ್ಕೆ ಮಾಂಗಲ್ಯಧಾರಣೆಯ ಗಳಿಗೆಯನ್ನೇ ನೋಡಿ. ಪುರೋಹಿತರು ಗಟ್ಟಿಮೇಳವೆಂದು ಕೂಗಿದೊಡನೆ ಓಲಗದ ಸದ್ದು ಏರುತ್ತದೆ, ಅಕ್ಷತೆ ಹಾರುತ್ತದೆ, ಮಂಟಪದ ಮೂರೂ ಕಡೆಯಿಂದ ಬಂಧುಗಳು ಮುಂದಕ್ಕೆ ಬಾಗುತ್ತಾರೆ, ಮೊಬೈಲ್ ಹಿಡಿದ ಕೈಗಳು ಅಡ್ಡ ಬರುತ್ತವೆ. ವರನ ಕೈ ವಧುವಿನ ಕೊರಳ ಹಿಂದೆ ಗಂಟು ಹಾಕುವಷ್ಟು ಹೊತ್ತು ಮಾತ್ರ ನಿಮ್ಮದು. ಮತ್ತೊಮ್ಮೆ ಕಟ್ಟಿ ಎಂದು ಕೇಳುವಂತಿಲ್ಲ. ಜೀರಿಗೆ ಬೆಲ್ಲ, ಧಾರೆ, ಮಾಂಗಲ್ಯ, ಸಪ್ತಪದಿ ಎಂಬ ಕ್ರಮ ಮನೆತನದಿಂದ ಮನೆತನಕ್ಕೆ ಬದಲಾಗುವುದರಿಂದ, ಪುರೋಹಿತರನ್ನು ಬೆಳಗ್ಗೆಯೇ ಮಾತನಾಡಿಸಿ, ಮುಂದಿನದು ಯಾವುದು, ವರ ಯಾವ ಬದಿಗೆ ತಿರುಗುತ್ತಾರೆ ಎಂದು ಕೇಳಿಟ್ಟುಕೊಳ್ಳುವುದು ಒಳ್ಳೆಯದು.

ಕಲ್ಯಾಣ ಮಂಟಪಗಳ ಎಲ್‌ಇಡಿ ದೀಪಗಳದು ಇನ್ನೊಂದು ತೊಂದರೆ. ನಮ್ಮ ವಿದ್ಯುತ್ತಿನ ಆವರ್ತನ 50 ಹರ್ಟ್ಸ್ ಆಗಿರುವುದರಿಂದ ಅಗ್ಗದ ದೀಪಗಳು ಸೆಕೆಂಡಿಗೆ 100 ಬಾರಿ ಮಿನುಗುತ್ತವೆ. ಕಣ್ಣಿಗೆ ಕಾಣದ ಈ ಮಿನುಗು, ಷಟರ್, ಅಂದರೆ ಬೆಳಕನ್ನು ಒಳಬಿಡುವ ತೆರೆಯ ವೇಗವನ್ನು 1/500 ಸೆಕೆಂಡಿಗೆ ಏರಿಸಿದಾಗ ಅಥವಾ ಸದ್ದಿಲ್ಲದ ಎಲೆಕ್ಟ್ರಾನಿಕ್ ಷಟರ್ ಬಳಸಿದಾಗ ಫೋಟೋದಲ್ಲಿ ಅಡ್ಡ ಪಟ್ಟೆಗಳಾಗಿ ಬೀಳುತ್ತದೆ. ಮೆಕ್ಯಾನಿಕಲ್ ಷಟರನ್ನೇ ಬಳಸಿ ವೇಗವನ್ನು 1/100ರಲ್ಲಿ ಇಟ್ಟರೆ ಬಹುಪಾಲು ಸರಿಯಾಗುತ್ತದೆ. ವರನ ಬಿಳಿ ಪಂಚೆ, ಶಲ್ಯಗಳ ಮೇಲೆ ವಿಡಿಯೋದವರ ದೀಪ ಬಿದ್ದು ನೇಯ್ಗೆಯ ವಿವರ ಸುಟ್ಟುಹೋಗದಂತೆ ಎಕ್ಸ್‌ಪೋಷರನ್ನು (ಕ್ಯಾಮೆರಾ ಹಿಡಿಯುವ ಬೆಳಕಿನ ಪ್ರಮಾಣವನ್ನು) ಒಂದಿಷ್ಟು ತಗ್ಗಿಸಿಕೊಳ್ಳಬೇಕು.

ಇನ್ನು ಕ್ಯಾಮೆರಾ. ಕಂಪನಿ ಯಾವುದಾದರೂ ಆಗಲಿ, ಎರಡು ಮೆಮೊರಿ ಕಾರ್ಡ್ ಹಾಕಲು ಬರುವ ಬಾಡಿ (ಲೆನ್ಸ್ ಬಿಟ್ಟು ಕ್ಯಾಮೆರಾ), ಮಂದ ಬೆಳಕಿನಲ್ಲೂ ಕೆಲಸಕ್ಕೆ ಬರುವ 50 ಎಂಎಂ ಎಫ್ 1.8 ಲೆನ್ಸ್ ಮತ್ತು ಒಂದು ಫ್ಲ್ಯಾಶ್ ಆರಂಭಕ್ಕೆ ಸಾಕು. ಒಂದು ಕಾರ್ಡ್ ಕೆಟ್ಟರೂ ಇನ್ನೊಂದರಲ್ಲಿ ಫೋಟೋ ಉಳಿಯುವುದು ಮದುವೆಯ ಕೆಲಸಕ್ಕೆ ಅತಿ ಮುಖ್ಯ. ದುಬಾರಿ ಲೆನ್ಸ್‌ಗಳು ಬೆಂಗಳೂರಿನಲ್ಲಿ ದಿನಬಾಡಿಗೆಗೆ ಸಿಗುತ್ತವೆ. ಹಳೆಯ ಕ್ಯಾಮೆರಾ ಕೊಳ್ಳುವುದಾದರೆ ಷಟರ್ ಎಷ್ಟು ಸಲ ಓಡಿದೆ ಎಂಬುದನ್ನು ತಿಳಿದುಕೊಳ್ಳಿ, ಲೆನ್ಸನ್ನು ಬೆಳಕಿಗೆ ಹಿಡಿದು ಒಳಗೆ ಫಂಗಸ್ ಇದೆಯೇ ಎಂದು ನೋಡಿ.

ದರದ ವಿಚಾರದಲ್ಲಿ ಊರಿನ ಉಳಿದವರಿಗಿಂತ ಕಡಿಮೆ ಹೇಳಿದರೆ ಕೆಲಸ ಬರುತ್ತದೆ ಎಂಬ ಲೆಕ್ಕಾಚಾರವೇ ಹೊಸಬರನ್ನು ಸೋಲಿಸುತ್ತದೆ. ಒಂದು ನಾಮಕರಣವನ್ನು 6,000 ರೂಪಾಯಿಗೆ ಒಪ್ಪಿಕೊಂಡಿರೆಂದು ಭಾವಿಸೋಣ. ಫೋಟೋ ತೆಗೆಯಲು 4 ಗಂಟೆ; ಆಯ್ದ 250 ಫೋಟೋಗಳನ್ನು ತಲಾ 2 ನಿಮಿಷದಂತೆ ತಿದ್ದಲು 8 ಗಂಟೆಗೂ ಹೆಚ್ಚು; ಮಾತುಕತೆ, ಓಡಾಟ, ಆಯ್ಕೆಗೆ 3 ಗಂಟೆ. ಒಟ್ಟು ಸುಮಾರು 15 ಗಂಟೆ. ಪೆಟ್ರೋಲು, ಪ್ರಿಂಟು ಮೊದಲಾದ ಖರ್ಚು 1,500 ಕಳೆದರೆ ಗಂಟೆಗೆ ಸುಮಾರು 300 ರೂಪಾಯಿ ಉಳಿಯಿತು. ಕ್ಯಾಮೆರಾದ ಸವಕಳಿಯನ್ನು ಇದರಲ್ಲಿ ಇನ್ನೂ ಕಳೆದಿಲ್ಲ. ಈ ಮೊತ್ತವನ್ನು ನಿಮ್ಮ ಕಾರ್ಖಾನೆಯ ಓಟಿಯ ಜತೆ ಹೋಲಿಸಿ ನೋಡಿ, ಆಮೇಲೆ ದರ ಹೇಳಿ. ಫೋಟೋಗಳನ್ನು ಹಾಳೆಯ ಮೇಲೆಯೇ ಮುದ್ರಿಸಿ ಪುಸ್ತಕದಂತೆ ಕಟ್ಟುವ ಕರಿಸ್ಮಾ ಆಲ್ಬಂ ಬೇಕೆಂದರೆ ಹಾಳೆಗಳ ಸಂಖ್ಯೆಯನ್ನು ಮೊದಲೇ ಬರೆದು, ಹೆಚ್ಚಿನ ಹಾಳೆಗೆ ಬೇರೆ ದರ ಹಾಕಿ. ಮುಂಗಡ ಪಡೆಯದೆ ದಿನಾಂಕ ಹಿಡಿದಿಡಬೇಡಿ. ನೆಂಟರಾದರೆ ಇನ್ನೂ ಬೇಡ.

ಮದುವೆಯಿಲ್ಲದ ತಿಂಗಳುಗಳಿಗೆ ಹುಟ್ಟುಹಬ್ಬಗಳಿವೆ, ಅವಕ್ಕೆ ಆಷಾಢದ ಹಂಗಿಲ್ಲ. ಮನೆಯಲ್ಲೇ ಚಟ್ನಿಪುಡಿ, ಸೀರೆ, ಆಭರಣ ಮಾರುವವರಿಗೆ ಇನ್‌ಸ್ಟಾಗ್ರಾಮ್‌ಗೆ ಹಾಕಲು ಒಳ್ಳೆಯ ಚಿತ್ರಗಳು ಬೇಕಾಗಿರುತ್ತವೆ. ಕಿಟಕಿಯ ಬೆಳಕು ಮತ್ತು ಒಂದು ಬಿಳಿ ಥರ್ಮಾಕೋಲ್ ಹಲಗೆ ಇದ್ದರೆ ಆಗುವ ಈ ಕೆಲಸವನ್ನು ರಾತ್ರಿ ಪಾಳಿಯವರೂ ಮಧ್ಯಾಹ್ನ ಎದ್ದು ಮಾಡಬಹುದು.

ಕಾಗದಪತ್ರಗಳು ಹೆಚ್ಚೇನಿಲ್ಲ. ಬೇರೆ ದುಡಿಮೆ ಮಾಡಬಾರದೆಂಬ ಷರತ್ತು ಇದೆಯೇ ಎಂದು ನಿಮ್ಮ ನೇಮಕಾತಿ ಪತ್ರವನ್ನು ಓದಿ ನೋಡಿ. ರಾಜ್ಯ ಸರ್ಕಾರಿ ನೌಕರರಾದರೆ 2021ರ ನಡತೆ ನಿಯಮಗಳ ಪ್ರಕಾರ ಪೂರ್ವಾನುಮತಿಯಿಲ್ಲದೆ ಖಾಸಗಿ ವ್ಯಾಪಾರ ಮಾಡುವಂತಿಲ್ಲ. ಸೇವೆಯ ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ಮೀರುವವರೆಗೆ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ. ಸಣ್ಣ ಉದ್ಯಮಗಳಿಗೆಂದು ಕೇಂದ್ರ ಸರ್ಕಾರ ಮಾಡುವ ಉದ್ಯಮ್ ನೋಂದಣಿ ಆಧಾರ್ ಮೂಲಕ ಉಚಿತವಾಗಿ ಆಗುತ್ತದೆ. ಅದಕ್ಕೆ ಶುಲ್ಕ ಕೇಳುವ ಜಾಲತಾಣಗಳನ್ನು ನಂಬಬೇಡಿ. ಗಳಿಕೆಯನ್ನು ಸಂಬಳದ ಜತೆ ಆದಾಯ ತೆರಿಗೆ ವಿವರದಲ್ಲಿ ತೋರಿಸಲೇಬೇಕು. ತುಮಕೂರಿನ ಬಳಿಯ ದೇವರಾಯನದುರ್ಗದ ಬೆಟ್ಟದಲ್ಲಿ ಪ್ರೀ ವೆಡ್ಡಿಂಗ್, ಅಂದರೆ ಮದುವೆಗೆ ಮೊದಲಿನ ಫೋಟೋ ಚಿತ್ರೀಕರಣ, ಆಗಲಿ ಎಂದು ಜೋಡಿಗಳು ಆಸೆಪಡುತ್ತವೆ. ಅಲ್ಲಿನ ಕಾಡಿನೊಳಗೆ ಚಿತ್ರೀಕರಣಕ್ಕೆ ಹೋಗುವ ಮೊದಲು ಅರಣ್ಯ ಇಲಾಖೆಯನ್ನು ವಿಚಾರಿಸಿ. ಡ್ರೋನಿನ ತೂಕ 250 ಗ್ರಾಂ ಮೀರಿದರೆ ಅದನ್ನು ವ್ಯಾಪಾರಕ್ಕೆ ಹಾರಿಸಲು ರಿಮೋಟ್ ಪೈಲಟ್ ಪ್ರಮಾಣಪತ್ರ ಬೇಕು.

ಕೊನೆಯದಾಗಿ, ಬಹಳ ಮಂದಿಗೆ ತಿಳಿಯದ ಸಂಗತಿಯೊಂದಿದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮಿನ ಪ್ರಕಾರ, ಹಣ ಕೊಟ್ಟು ತೆಗೆಸಿಕೊಂಡ ಫೋಟೋದ ಮೊದಲ ಹಕ್ಕು, ಬೇರೆ ಒಪ್ಪಂದವಿಲ್ಲದಿದ್ದರೆ, ತೆಗೆಸಿಕೊಂಡವರದು. ಅವರ ಮದುಮಗಳನ್ನು ನಿಮ್ಮ ಜಾಹೀರಾತಿಗೆ ಹಾಕಿಕೊಳ್ಳಲು ಅವರ ಒಪ್ಪಿಗೆ ಬೇಕು. ಮುಂಗಡದ ರಸೀದಿಯಲ್ಲೇ, ಸಹಿಯ ಮೇಲೆ, ಇಷ್ಟು ಬರೆಸಿಕೊಳ್ಳಿ: ‘ಈ ಕಾರ್ಯಕ್ರಮದ ಆಯ್ದ ಫೋಟೋಗಳನ್ನು ಛಾಯಾಗ್ರಾಹಕರು ತಮ್ಮ ಕೆಲಸದ ಮಾದರಿಯಾಗಿ ಪ್ರಕಟಿಸಲು ನಮ್ಮ ಒಪ್ಪಿಗೆ ಇದೆ / ಇಲ್ಲ.’