ಡಾಮ್‌ಗೂ ಆಫ್ಟರ್‌ಕೇರ್ ಬೇಕು ಅನ್ನುವ ಮಾತು ಇಷ್ಟು ತಡವಾಗಿ ಬಂದದ್ದು ಯಾಕೆ?

ಬಿಡಿಎಸ್‌ಎಂ (ಒಪ್ಪಿಗೆಯಿಂದ ಕಟ್ಟುವ, ಆಳುವ, ನೋವು ಕೊಡುವ ಲೈಂಗಿಕ ಆಟ) ಬಗ್ಗೆ ಸ್ವಲ್ಪ ಓದಿಕೊಂಡ ಯಾರನ್ನೇ ಕೇಳಿ, ಸೀನ್, ಅಂದರೆ ಅಂಥ ಒಂದು ಆಟ, ಮುಗಿದ ಮೇಲೆ ಏನು ಮಾಡಬೇಕು ಅಂತ ಥಟ್ಟನೆ ಹೇಳುತ್ತಾರೆ. ಹಗ್ಗ ಬಿಚ್ಚಿ, ಕೈ ಮರಗಟ್ಟಿದೆಯಾ ನೋಡಿ, ಹೊದಿಸಿ, ನೀರು ಕೊಡಿ, ಪಕ್ಕದಲ್ಲೇ ಕೂತಿರಿ. ಇದೇ ಆಫ್ಟರ್‌ಕೇರ್. ಮಾಡುವವರು ಡಾಮಿನೆಂಟ್ ಅಥವಾ ಡಾಮ್, ಅಂದರೆ ಸೀನ್‌ನಲ್ಲಿ ಹಿಡಿತ ಇಟ್ಟುಕೊಂಡವರು; ಮಾಡಿಸಿಕೊಳ್ಳುವವರು ಸಬ್‌ಮಿಸಿವ್ ಅಥವಾ ಸಬ್, ಅಂದರೆ ಹಿಡಿತ ಒಪ್ಪಿಸಿದವರು. ಮಾಡಿದವರನ್ನು ಆಮೇಲೆ ಯಾರು ವಿಚಾರಿಸಬೇಕು ಅಂತ ಕೇಳಿದರೆ ಮಾತ್ರ ಗಲಾಟೆ ಶುರು. ಅವರಿಗೂ ಆರೈಕೆ ಬೇಕು ಅನ್ನುವವರು ಒಂದು ಕಡೆ, ಈಗಾಗಲೇ ದಣಿದಿರುವ ಸಬ್ ತಲೆಗೆ ಇನ್ನೊಂದು ಕೆಲಸ ಕಟ್ಟಬೇಡಿ ಅನ್ನುವವರು ಇನ್ನೊಂದು ಕಡೆ. ಇಬ್ಬರ ಮಾತಲ್ಲೂ ನಿಜ ಇದೆ. ಆದರೆ ಈ ಜಗಳಕ್ಕೆ ಹಳೇ ಬೇರುಗಳಿವೆ.

1890ರ ಸುಮಾರಿಗೆ ಮನೋವೈದ್ಯ ಕ್ರಾಫ್ಟ್-ಎಬಿಂಗ್ ಸೇಡಿಸಂ (ನೋವು ಕೊಟ್ಟು ಸುಖಪಡುವುದು), ಮ್ಯಾಸೊಕಿಸಂ (ನೋವು ಪಡೆದು ಸುಖಪಡುವುದು) ಎರಡನ್ನೂ ಕಾಯಿಲೆಗಳ ಪಟ್ಟಿಗೆ ಸೇರಿಸಿದ. ಅಲ್ಲಿಂದ ಮುಂದೆ ನೂರು ವರ್ಷ, ನೋವು ಕೊಡುವುದನ್ನು ಇಷ್ಟಪಡುವವರು ಅಂದರೆ ರೋಗಿಗಳು, ಇಲ್ಲವೇ ಅಪರಾಧಿಗಳು. ಅಂಥವರಿಗೂ ಆಮೇಲೆ ಮನಸ್ಸು ಕುಸಿಯಬಹುದು ಅಂತ ಯಾರಾದರೂ ಯಾಕೆ ಯೋಚಿಸುತ್ತಾರೆ?

ಒಳಗಿನವರೇ ಒಟ್ಟಾಗಿ ಕೂತು ಮಾತಾಡಿದ್ದು ತಡವಾಗಿ. ನ್ಯೂಯಾರ್ಕ್‌ನಲ್ಲಿ 1971ರಲ್ಲಿ ಯೂಲೆನ್‌ಸ್ಪೀಗಲ್ ಸೊಸೈಟಿ, ಸ್ಯಾನ್ ಫ್ರಾನ್ಸಿಸ್ಕೊದಲ್ಲಿ 1974ರಲ್ಲಿ ಸೊಸೈಟಿ ಆಫ್ ಜೇನಸ್ ಹುಟ್ಟಿದವು. ಇಂಥ ಗುಂಪುಗಳಲ್ಲಿ ಅನುಭವ ಇದ್ದವರು ಹೊಸಬರಿಗೆ ಕಲಿಸುತ್ತಿದ್ದರು. 1983ರಲ್ಲಿ ನ್ಯೂಯಾರ್ಕ್‌ನ ಇನ್ನೊಂದು ಗುಂಪು 'ಸೇಫ್, ಸೇನ್, ಕನ್ಸೆನ್ಷುವಲ್' (ಸುರಕ್ಷಿತ, ವಿವೇಕದ, ಒಪ್ಪಿಗೆಯ) ಅನ್ನುವ ಸೂತ್ರ ಬರೆದುಕೊಂಡಿತು. ಸೇಫ್‌ವರ್ಡ್ (ಹೇಳಿದ ತಕ್ಷಣ ಎಲ್ಲ ನಿಲ್ಲಿಸಬೇಕಾದ ಪದ), ಮುಂಚಿತ ಒಪ್ಪಂದ, ಆಫ್ಟರ್‌ಕೇರ್ ಎಲ್ಲ ಬೇರೂರಿದ್ದು ಈ ವಾತಾವರಣದಲ್ಲೇ. ಪೆಟ್ಟು ಬೀಳುವ ದೇಹವನ್ನು ಮೊದಲು ಕಾಪಾಡಬೇಕಿತ್ತು, ಕಾಪಾಡಿದರು. ಅದರಲ್ಲಿ ತಪ್ಪೇನಿಲ್ಲ. ಆದರೆ ಅದರ ಜೊತೆಗೆ ಒಂದು ಚಿತ್ರವೂ ಸದ್ದಿಲ್ಲದೆ ಗಟ್ಟಿಯಾಯಿತು: ಒಳ್ಳೆಯ ಡಾಮ್ ಅಂದರೆ ಎಲ್ಲ ಹಿಡಿತದಲ್ಲಿ ಇಟ್ಟುಕೊಂಡವರು, ಅವರಿಗೆ ಏನೂ ಆಗುವುದಿಲ್ಲ.

ಕಾನೂನು ಬಾಯಿಗೆ ಇನ್ನೂ ಬೀಗ ಹಾಕಿತು. ಇಂಗ್ಲೆಂಡ್‌ನಲ್ಲಿ 1987ರಲ್ಲಿ ಪೊಲೀಸರ ಕೈಗೆ ಇಂಥ ಸೀನ್‌ನ ಒಂದು ವಿಡಿಯೊ ಸಿಕ್ಕಿ ಶುರುವಾದ ಸ್ಪ್ಯಾನರ್ ಪ್ರಕರಣದಲ್ಲಿ, ಎಲ್ಲರೂ ಒಪ್ಪಿಯೇ ಭಾಗವಹಿಸಿದ್ದರೂ ಗಂಡಸರಿಗೆ ಶಿಕ್ಷೆಯಾಯಿತು. 1993ರಲ್ಲಿ ಆಗಿನ ಅತ್ಯುನ್ನತ ನ್ಯಾಯಾಲಯವಾದ ಹೌಸ್ ಆಫ್ ಲಾರ್ಡ್ಸ್ ಮೂರು-ಎರಡರ ಬಹುಮತದಲ್ಲಿ ಅದನ್ನು ಎತ್ತಿಹಿಡಿಯಿತು. 1997ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯವೂ ಅದನ್ನು ತಳ್ಳಿಹಾಕಲಿಲ್ಲ. ಇಂಥ ಹೊತ್ತಲ್ಲಿ 'ನಿನ್ನೆ ಮಾಡಿದ್ದು ನೆನೆದು ನನಗೆ ಒಂಥರಾ ಆಗ್ತಿದೆ' ಅಂತ ಹೇಳಿಕೊಳ್ಳುವ ಧೈರ್ಯ ಯಾರಿಗೆ ಬಂದೀತು? ಅದು ತಪ್ಪೊಪ್ಪಿಗೆಯ ಹಾಗೇ ಕೇಳುತ್ತದೆ ಅಲ್ವಾ.

ಆ 'ಒಂಥರಾ'ಗೇ ಈಗ ಡಾಮ್ ಡ್ರಾಪ್ ಅಥವಾ ಟಾಪ್ ಡ್ರಾಪ್ ಅನ್ನುತ್ತಾರೆ (ಟಾಪ್ ಅಂದರೆ ಸೀನ್‌ನಲ್ಲಿ ಮಾಡುವವರು, ಬಾಟಮ್ ಅಂದರೆ ಮಾಡಿಸಿಕೊಳ್ಳುವವರು). ಸೀನ್ ನಡೆಯುವಾಗ ಡಾಮ್ ಸುಮ್ನೆ ಆಜ್ಞೆ ಕೊಡುತ್ತಾ ನಿಂತಿರುವುದಿಲ್ಲ. ಎದುರಿನವರ ಉಸಿರು, ಚರ್ಮದ ಬಣ್ಣ, ದನಿ ಎಲ್ಲದರ ಮೇಲೂ ಕಣ್ಣಿಟ್ಟು, ಮುಂದಿನ ಹೆಜ್ಜೆ ಲೆಕ್ಕ ಹಾಕುತ್ತಾ, ಎಲ್ಲಿ ನಿಲ್ಲಿಸಬೇಕು ಅಂತ ಕ್ಷಣಕ್ಷಣವೂ ತೀರ್ಮಾನಿಸುತ್ತಾ ಇರುತ್ತಾರೆ. ಮುಗಿದ ಮೇಲೂ ಡ್ಯೂಟಿ ಮುಗಿಯುವುದಿಲ್ಲ, ಆಫ್ಟರ್‌ಕೇರ್ ಕೊಡಬೇಕು. ಹಾಗಾಗಿ ಸಬ್ ನಿದ್ದೆ ಹೋದ ಮೇಲೋ, ಒಂದೆರಡು ದಿನ ಬಿಟ್ಟು ಆಫೀಸಲ್ಲಿ ಕೂತಿರುವಾಗಲೋ ಕುಸಿತ ಶುರುವಾಗುತ್ತದೆ. ಸುಸ್ತು, ಕಾರಣ ಇಲ್ಲದ ಸಿಡುಕು. ಪ್ರೀತಿಸುವವರ ಮೈಮೇಲಿನ ಗುರುತು ಹಗಲು ಬೆಳಕಲ್ಲಿ ಕಂಡಾಗ 'ಇದನ್ನು ನಾನೇ ಮಾಡಿದೆನಾ, ನನಗೆ ಇಷ್ಟವೂ ಆಯಿತಲ್ಲ, ನಾನು ಎಂಥ ಮನುಷ್ಯ' ಅನ್ನುವ ಪ್ರಶ್ನೆ. ಗಂಡಸಾದರೆ ಅಳಬಾರದು, ಹೆಂಗಸಾದರೆ ಕಲ್ಲಿನಂಥ ರಾಣಿಯಾಗಿಯೇ ಇರಬೇಕು. ಎರಡೂ ಕಡೆ ಹೊರಬರುವ ದಾರಿ ಇಲ್ಲ.

ಸಂಶೋಧನೆ ಇತ್ತ ತಿರುಗಿದ್ದು ತೀರಾ ಈಚೆಗೆ. 2009ರ ಒಂದು ಅಮೆರಿಕನ್ ಅಧ್ಯಯನದಲ್ಲಿ ಸೀನ್ ವೇಳೆ ಬಾಟಮ್‌ಗಳ ಕಾರ್ಟಿಸಾಲ್, ಅಂದರೆ ಒತ್ತಡದ ಹಾರ್ಮೋನ್, ಏರಿತು. ಸೀನ್ ಚೆನ್ನಾಗಿ ಹೋಯಿತು ಅಂದ ಜೋಡಿಗಳಲ್ಲಿ ಆತ್ಮೀಯತೆಯೂ ಹೆಚ್ಚಿತು. 2017ರ ಇನ್ನೊಂದು ಸಣ್ಣ ಅಧ್ಯಯನ ನನಗೆ ಜಾಸ್ತಿ ಮುಖ್ಯ ಅನ್ನಿಸುತ್ತದೆ. ಎರಡೂ ಪಾತ್ರ ಮಾಡಬಲ್ಲ 14 ಜನರನ್ನು ಟಾಪ್, ಬಾಟಮ್ ಅಂತ ಲಾಟರಿಯಂತೆ ಹಂಚಿದರು. ಟಾಪ್ ಆದವರಲ್ಲಿ ಕಂಡದ್ದು ಫ್ಲೋ ಸ್ಥಿತಿ, ಅಂದರೆ ಸಂಗೀತಗಾರರೂ ಆಟಗಾರರೂ ಹೇಳುವ ಆ ಪೂರ್ತಿ ತಲ್ಲೀನತೆ. ಅಷ್ಟು ಎತ್ತರಕ್ಕೆ ಹೋದವರು ಇಳಿಯಲೂ ಬೇಕಲ್ಲ. ಇಳಿಯುವಾಗ ಏನಾಗುತ್ತದೆ ಅನ್ನುವುದನ್ನು ಅಲ್ಲಿ ಅಳೆದಿರಲಿಲ್ಲ, ಅದು ಬೇರೆ ಮಾತು. 2013ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿಯ ಐದನೇ ಆವೃತ್ತಿ, ಬರೀ ಆಸಕ್ತಿಯನ್ನು ಕಾಯಿಲೆಯಿಂದ ಬೇರ್ಪಡಿಸಿತು. ವಿಶ್ವ ಆರೋಗ್ಯ ಸಂಸ್ಥೆಯ ಹೊಸ ರೋಗಪಟ್ಟಿ 2022ರಲ್ಲಿ ಜಾರಿಗೆ ಬಂದಾಗ, ಒಪ್ಪಿಗೆಯ ಸೇಡೊಮ್ಯಾಸೊಕಿಸಂ ಅದರಲ್ಲಿ ಇರಲಿಲ್ಲ. ಥೆರಪಿಸ್ಟ್ ಮುಂದೆ ಬಾಯಿಬಿಡುವುದು ಅಷ್ಟರಮಟ್ಟಿಗೆ ಸುಲಭವಾಯಿತು.

ಇನ್ನು ಜಗಳಕ್ಕೆ ಬರೋಣ. ಸಬ್ ಮೇಲೆ ಹೊರೆ ಬೀಳುತ್ತದೆ ಅನ್ನುವ ಆತಂಕ ಸುಳ್ಳಲ್ಲ. ಸಬ್ 'ನೀನು ಗಡಿ ದಾಟಿದೆ' ಅಂತ ಹೇಳಲು ಬಂದಾಗ ಡಾಮ್ ತನ್ನ ನೋವನ್ನೇ ಮುಂದೆ ಇಟ್ಟರೆ ದೂರು ಅಲ್ಲೇ ಸಾಯುತ್ತದೆ. ಪಾಪಪ್ರಜ್ಞೆ ಎಲ್ಲವೂ ಡ್ರಾಪ್ ಅಲ್ಲ. ಕೆಲವೊಮ್ಮೆ ನಿಜಕ್ಕೂ ತಪ್ಪು ಆಗಿರುತ್ತದೆ, ಆಗ ಬೇಕಾದದ್ದು ಅಪ್ಪುಗೆ ಅಲ್ಲ, ಲೆಕ್ಕ ಒಪ್ಪಿಸುವುದು. ಆದರೆ ಇದನ್ನೇ ನೆಪ ಮಾಡಿ ಡಾಮ್‌ಗಳಿಗೆ ಸುಮ್ಮನಿರಿ ಅನ್ನುವುದೂ ಸರಿ ಕಾಣುವುದಿಲ್ಲ. ಒಳಗೇ ನುಂಗಿಕೊಂಡವರು ಮುಂದಿನ ಸಲ ಸಂಗಾತಿಯಿಂದ ದೂರ ಸರಿಯುತ್ತಾರೆ, ಫೋನ್ ಎತ್ತುವುದಿಲ್ಲ. ಆ ಮೌನದ ಪೆಟ್ಟು ಬೀಳುವುದೂ ಸಬ್ ಮೇಲೇ.

ಜೋಡಿಗಳು ಕಂಡುಕೊಂಡ ದಾರಿ ಸರಳ. ಸೀನ್‌ಗೆ ಮೊದಲೇ, ಮಿತಿಗಳನ್ನು ಮಾತಾಡುವ ಹೊತ್ತಿಗೇ, ಇಬ್ಬರಿಗೂ ಆಮೇಲೆ ಏನು ಬೇಕು ಅಂತ ಕೇಳಿಕೊಳ್ಳುತ್ತಾರೆ. ಕೆಲವು ಡಾಮ್‌ಗಳಿಗೆ ತಬ್ಬಿಕೊಳ್ಳಬೇಕು, ಕೆಲವರಿಗೆ ಅರ್ಧ ಗಂಟೆ ಒಬ್ಬರೇ ಇರಬೇಕು. ತುಂಬಾ ಜನರಿಗೆ ಬೇಕಿರುವುದು ಒಂದೇ ಮಾತು: 'ನನಗೆ ಇಷ್ಟ ಆಯಿತು, ನಾನು ಚೆನ್ನಾಗಿದ್ದೀನಿ.' ಅದೂ ಆ ರಾತ್ರಿಯಲ್ಲ, ಎರಡು ದಿನ ಬಿಟ್ಟು. ಸೇಫ್‌ವರ್ಡ್ ಡಾಮ್ ಕೂಡ ಬಳಸಬಹುದು ಅನ್ನುವುದನ್ನೂ ಈಗ ಎಷ್ಟೋ ಕಡೆ ಹೊಸಬರಿಗೆ ಹೇಳಿಕೊಡುತ್ತಾರೆ.

ಒಂದೇ ಸಲ ಭೇಟಿಯಾಗಿ ಬೇರೆಯಾಗುವವರಿಗೆ, ದುಡ್ಡು ಪಡೆದು ಡಾಮ್ ಪಾತ್ರ ಮಾಡುವವರಿಗೆ ಈ ದಾರಿ ಹೊಂದುವುದಿಲ್ಲ. ಗ್ರಾಹಕರು ಎದ್ದು ಹೋದ ಮೇಲೆ ಅವರನ್ನು ವಿಚಾರಿಸುವ ಹೊಣೆ ಯಾರದೂ ಅಲ್ಲ. ಅದೇ ಕೆಲಸ ಮಾಡುವ ಗೆಳೆಯರಿಗೆ ಫೋನ್ ಮಾಡುವುದೊಂದೇ ಅವರಿಗೆ ಸದ್ಯಕ್ಕೆ ಉಳಿದಿರುವ ಏರ್ಪಾಡು.